ಪಿನ್ನಿ ಬರೆದ ಕಾರ್ಡು

ಸಂಕ್ರಾಂತಿಯ ಮರುದಿನ ಬೆಳಿಗ್ಗೆ ಚಹಾ ಕುಡೀತಾ ಕೂತಿದ್ದೆ. ವಾಟ್ಸಾಪಿಗೆ ಗುರುತಿಲ್ಲದ ನಂಬರಿನಿಂದ ಒಂದು ಮೆಸೇಜು. ಮೇಲೆ ಜರ್ಮನ್, ಕೆಳಗೆ ಮೊಬೈಲೇ ಅನುವಾದ ಮಾಡಿಕೊಟ್ಟ ಇಂಗ್ಲಿಷು. ‘ನಿಮ್ಮ ಮಗಳು ನಾಲ್ಕು ದಿನದಿಂದ ಸರಿಯಾಗಿ ಊಟ ಮಾಡುತ್ತಿಲ್ಲ. ಕೇಳಿದರೆ ಏನೂ ಇಲ್ಲ ಅನ್ನುತ್ತಾಳೆ. ನಿಮಗೆ ಗೊತ್ತಿರಲಿ ಅಂತ ಬರೆದೆ.’

ಬರೆದವರು ಮಗಳು ಬಾಡಿಗೆಗಿರುವ ಮನೆಯ ಅಜ್ಜಿ.

ಮಗಳು ಅಕ್ಟೋಬರಿನಿಂದ ಜರ್ಮನಿಯ ಟ್ಯೂಬಿಂಗನ್ನಿನಲ್ಲಿ ಓದುತ್ತಿದ್ದಾಳೆ. ನಮ್ಮ ನಿಘಂಟಿನ ಕಿಟೆಲ್ ಸಾಹೇಬರು 1903ರಲ್ಲಿ ತೀರಿಕೊಂಡದ್ದು ಅದೇ ಊರಿನಲ್ಲಿ. ಜರ್ಮನಿಯಲ್ಲಿ ಓದು ಪುಕ್ಕಟೆ ಅಂತ ಎಲ್ಲರೂ ಹೇಳುತ್ತಾರೆ, ಆದರೆ ಆ ರಾಜ್ಯದಲ್ಲಿ 2017ರಿಂದ ನಮ್ಮಂಥ ಹೊರಗಿನವರಿಗೆ ಸೆಮಿಸ್ಟರಿಗೆ 1,500 ಯೂರೋ ಫೀಸಿದೆ. ಅದಲ್ಲದೆ ವೀಸಾಕ್ಕೆಂದು ಒಂದು ವರ್ಷದ ಖರ್ಚು 11,904 ಯೂರೋ ಮೊದಲೇ ಖಾತೆಯಲ್ಲಿಟ್ಟು ತೋರಿಸಬೇಕಾಯಿತು. ಹಾಸ್ಟೆಲ್ ಸಿಗಲಿಲ್ಲ. ಹಾಗಾಗಿ ಈ ಅಜ್ಜಿಯ ಮನೆಯಲ್ಲಿ ಒಂದು ರೂಮು. ಭಾನುವಾರ ವಾಷಿಂಗ್ ಮಷೀನ್ ಹಾಕಬಾರದು, ಎಂಥ ಚಳಿಯಿದ್ದರೂ ಬೆಳಿಗ್ಗೆ ಕಿಟಕಿ ತೆರೆದು ಗಾಳಿಯಾಡಿಸಬೇಕು. ರಾತ್ರಿ ಬಿಸಿ ಅಡಿಗೆ ಇಲ್ಲ, ಬ್ರೆಡ್ಡು, ಚೀಸು.

ಫೋನ್ ಮಾಡಿದೆ. ಮಗಳು ಸಿಡಿದಳು. "ಎಮರ್ಜನ್ಸಿಗೆ ಅಂತ ಕೊಟ್ಟ ನಂಬರು ಅಪ್ಪಾ ಅದು! ನನ್ನ ಕೇಳದೆ ನಿನಗೆ ಬರಿಯೋಕೆ ಇವರ್ಯಾರು? ನಾನೇನು ಸ್ಕೂಲ್ ಹುಡುಗೀನಾ? ಬೇರೆ ರೂಮು ನೋಡ್ತೀನಿ."

ನನಗೆ ಮಾತು ಹೊರಡಲಿಲ್ಲ. ಯಾಕೆಂದರೆ ಇದೇ ಮಾತನ್ನು, ಇದೇ ಮಲ್ಕಾಜ್‌ಗಿರಿಯಲ್ಲಿ, ನಾನೂ ಆಡಿದ್ದೆ.

1986ನೇ ಇಸವಿ. ನಮ್ಮದು ಶಹಾಪುರದ ಕಡೆಯ ಹಳ್ಳಿ. ಆಗ ಗುಲ್ಬರ್ಗ ಜಿಲ್ಲೆ, ಈಗ ಯಾದಗಿರಿ. ಗುಲ್ಬರ್ಗದಲ್ಲಿ ಯೂನಿವರ್ಸಿಟಿ ಶುರುವಾಗಿ ಆರು ವರ್ಷವಾಗಿತ್ತು. ಆದರೂ ಅಪ್ಪನಿಗೆ ಓದು ಅಂದರೆ ಹೈದರಾಬಾದೇ. 1956ರವರೆಗೆ ಬೀದರ, ಗುಲ್ಬರ್ಗ, ರಾಯಚೂರು ಮೂರೂ ಹೈದರಾಬಾದ್ ರಾಜ್ಯದಲ್ಲೇ ಇದ್ದವಲ್ಲ! ನಮ್ಮ ಕಡೆಯ ಎಷ್ಟೋ ಹುಡುಗರು ಉರ್ದು ಕಲಿತು ಉಸ್ಮಾನಿಯಾ ಸೇರಿದ್ದರು. ಓದಲು ಊರು ಬಿಟ್ಟ ಬಡ ಹುಡುಗರಿಗೆ ಆ ಕಾಲದಲ್ಲಿ ವಾರಾನ್ನವೇ ಗತಿ. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು. ನಾನು ಅಷ್ಟು ಕಷ್ಟ ಪಡಲಿಲ್ಲ. ಉಸ್ಮಾನಿಯಾದಲ್ಲಿ ಎಂಎಸ್ಸಿ ಸೀಟು, ಆನಂದಬಾಗ್‌ನಲ್ಲಿ ತೆನಾಲಿ ಕಡೆಯ ರೈಲ್ವೆ ನೌಕರರ ಮನೆಯಲ್ಲಿ ಒಂದು ರೂಮು, ಎರಡು ಹೊತ್ತು ಊಟ.

ಮನೆಯಾಕೆಯನ್ನು ಪಿನ್ನಿ ಅನ್ನುತ್ತಿದ್ದೆ, ಅಂದರೆ ಚಿಕ್ಕಮ್ಮ. ಮೊದಲ ದಿನವೇ ಫಜೀತಿ. ಹಸಿವಾಗಿತ್ತು, "ಪಿನ್ನಿ, ಅನ್ನ ಮಾಡೀರಾ?" ಅಂದೆ. ಆಕೆ ಗಾಬರಿಯಿಂದ ಒಳಗೆ ಓಡಿದಳು! ತೆಲುಗಿನಲ್ಲಿ ಮಾಡೋದು ಅಂದರೆ ಸೀದುಹೋಗೋದು ಅಂತ ಆಮೇಲೆ ಗೊತ್ತಾಯಿತು. ಇನ್ನೊಂದು ದಿನ ಗೋಂಗೂರ ಬಡಿಸಿದಳು. ಬಾಯಿಗಿಟ್ಟರೆ ನಮ್ಮ ಪುಂಡಿಪಲ್ಯ! ನನ್ನ ಕಣ್ಣಲ್ಲಿ ನೀರು ನೋಡಿ ಖಾರ ಹೆಚ್ಚಾಯಿತೇನೋ ಅಂತ ತುಪ್ಪ ಹಾಕಿದಳು.

ಆದರೆ ರಾತ್ರಿ ಒಂಬತ್ತಕ್ಕೆ ಗೇಟಿಗೆ ಬೀಗ. ಬಂದರೆ "ಎಲ್ಲಿ ಹೋಗಿದ್ದೆ", ಬಾರದಿದ್ದರೆ "ಯಾಕೆ ಬರಲಿಲ್ಲ". ದಿನಾ "ತಿನ್ನಾವಾ ನಾಯನಾ?" ಇಪ್ಪತ್ತೊಂದರ ಹುಡುಗ ನಾನು. ಉಸಿರು ಕಟ್ಟುತ್ತಿತ್ತು.

ಎರಡನೇ ವರ್ಷ ಕಾಮಣಿಯಾಯಿತು. ಪರೀಕ್ಷೆ ಹತ್ತಿರ, ಅಪ್ಪನಿಗೆ ತಿಳಿಸಬೇಡಿ ಅಂತ ಕೈಮುಗಿದೆ. ಪಿನ್ನಿ ಆಯ್ತು ಅಂದಳು. ಉಪ್ಪಿಲ್ಲದ ಮಜ್ಜಿಗೆ ಅನ್ನ ಕಲಸಿ ಕೊಟ್ಟಳು. ಐದನೇ ದಿನ ನೋಡಿದರೆ ಬಾಗಿಲಲ್ಲಿ ಅಪ್ಪ! ಪಿನ್ನಿ ಕಾರ್ಡು ಹಾಕಿದ್ದಳು, ತೆಲುಗಿನಲ್ಲಿ. ಲಿಪಿ ನಮ್ಮದರ ಹಾಗೇ ಇರುತ್ತದಲ್ಲ, ಅಪ್ಪ ಅಕ್ಷರ ಕೂಡಿಸಿ ಕೂಡಿಸಿ ಓದಿದ್ದ. ‘ತಿನಟಂ ಲೇದು’ ಅನ್ನೋದು ಅರ್ಥವಾಗಿತ್ತು. ಹುಡುಗ ಉಣ್ಣುತ್ತಿಲ್ಲ. ಅಷ್ಟು ಸಾಕಾಯಿತು, ಕಣದಲ್ಲಿ ರಾಶಿ ಬಿಟ್ಟು ಬಸ್ಸು ಹತ್ತಿದ್ದ.

ಅವತ್ತು ಅಪ್ಪ ಕನ್ನಡದಲ್ಲಿ, ಪಿನ್ನಿ ತೆಲುಗಿನಲ್ಲಿ ಎರಡು ತಾಸು ಮಾತಾಡಿದರು. ನಾನು ಮುಖ ತಿರುಗಿಸಿ ಮಲಗಿದ್ದೆ. ಅಪ್ಪ ಹೋದ ಮೇಲೆ ಆಕೆಗೆ ಅಂದುಬಿಟ್ಟೆ: "ಬರಿಯೋಕೆ ನೀವ್ಯಾರು? ಬಾಡಿಗೆ ಕೊಡ್ತೀನಿ, ನಿಮ್ಮ ಮಗ ಅಲ್ಲ ನಾನು." ನನ್ನ ತೆಲುಗು ಆಗ ಚೆನ್ನಾಗಿ ಬರುತ್ತಿತ್ತು. ಆಕೆಯಿಂದಲೇ ಕಲಿತದ್ದು! ತಿಂಗಳೊಪ್ಪತ್ತಿನಲ್ಲಿ ಬೇರೆ ರೂಮಿಗೆ ಹೋದೆ.

ನೌಕರಿ ಇಲ್ಲೇ ಸಿಕ್ಕಿತು. ಮದುವೆ, ಮನೆ, ಮಕ್ಕಳು ಎಲ್ಲ ಮಲ್ಕಾಜ್‌ಗಿರಿಯಲ್ಲೇ. ಊರು 2007ರಲ್ಲಿ ಗ್ರೇಟರ್ ಹೈದರಾಬಾದಿಗೆ ಸೇರಿತು, 2016ರಲ್ಲಿ ಜಿಲ್ಲೆಯ ಹೆಸರಿನಲ್ಲೂ ಸೇರಿತು. ನಾನು ಮಾತ್ರ ಆ ಓಣಿಗೆ ಹೋಗಲಿಲ್ಲ. ಮೊದಲು ಸಿಟ್ಟು, ಆಮೇಲೆ ನಾಚಿಕೆ.

ಒಮ್ಮೆ ಊರಿಗೆ ಹೋದಾಗ ಅಪ್ಪ ಎಲೆಅಡಿಕೆ ಹಾಕಿಕೊಳ್ಳುತ್ತಾ ಅಂದ: "ಆ ನಿಮ್ಮ ಪಿನ್ನಿ ತೆನಾಲಿಗಿ ಹೋದಳಂತ. ಈ ಸಲ ಬ್ಯಾಳಿ ಯಾರಿಗಿ ಕೊಡಬೇಕೋ ಏನೋ."

ನನಗೆ ಅರ್ಥವಾಗಲಿಲ್ಲ. ಬಿಡಿಸಿ ಕೇಳಿದೆ. ಅಪ್ಪ ಪ್ರತಿ ವರ್ಷ ರಾಶಿಯಾದ ಮೇಲೆ ಹತ್ತು ಸೇರು ತೊಗರಿಬೇಳೆ ಹೊತ್ತು ಆ ಮನೆಗೆ ಹೋಗಿ ಕೊಟ್ಟು ಬರುತ್ತಿದ್ದನಂತೆ. ಆರು ವರ್ಷ! ಅದೇ ಪ್ರಯಾಣದಲ್ಲಿ ನಮ್ಮ ಮನೆಗೂ ಬರುತ್ತಿದ್ದ, ಒಂದು ಮಾತು ಹೇಳಿರಲಿಲ್ಲ. "ನನಗ್ಯಾಕ ಹೇಳಲಿಲ್ಲ?" ಅಂದೆ. "ನೀ ಬಿಟ್ಟ ಮನಿ ಅದು. ನಾ ಬಿಟ್ಟಿದ್ದಿಲ್ಲಲ್ಲ" ಅಂದ.

ಇದನ್ನೆಲ್ಲ ಮಗಳಿಗೆ ಮೊದಲ ಸಲ ಹೇಳಿದೆ. ಸುಮ್ಮನೆ ಕೇಳಿದಳು. ಆಮೇಲೆ, "ಆದ್ರೂ ಅಪ್ಪಾ, ಅಜ್ಜಿ ನನ್ನ ಕೇಳಿ ಬರೀಬೇಕಿತ್ತು" ಅಂದಳು.

ಹೌದು, ಕೇಳಬೇಕಿತ್ತು. ಅದರಲ್ಲಿ ಮಗಳ ತಪ್ಪಿಲ್ಲ. "ಹಾಗಂತ ಆಕೆಗೇ ಹೇಳು. ಜಗಳ ಬೇಕಾದರೂ ಆಡು, ಅಲ್ಲಿದ್ದೇ ಆಡು" ಅಂದೆ. ತುಸು ಹೊತ್ತಿನ ಮೇಲೆ ಅವಳ ದನಿ ಒಡೆಯಿತು. ಒಂದು ಪೇಪರಿನಲ್ಲಿ ಫೇಲಾಗಿದ್ದಳು. ಇಷ್ಟು ದುಡ್ಡು ಸುರಿದ ಅಪ್ಪನಿಗೆ ಹೇಗೆ ಹೇಳೋದು ಅಂತ ರೂಮಿನಲ್ಲೇ ಕೂತಿದ್ದಳಂತೆ. ಅಜ್ಜಿ ಬರೆಯದಿದ್ದರೆ ನನಗೆ ಯಾವಾಗ ಗೊತ್ತಾಗುತ್ತಿತ್ತೋ!

ಅಜ್ಜಿಗೆ ಎರಡು ಸಾಲು ಬರೆದೆ. ಬರೆದದ್ದು ಒಳ್ಳೆಯದಾಯಿತು, ಮಗಳಿಗೆ ಸಿಟ್ಟು ಬಂದಿದೆ, ಅವಳೇ ನಿಮ್ಮ ಹತ್ತಿರ ಮಾತಾಡುತ್ತಾಳೆ ಅಂತ.

ಪಿನ್ನಿಗೆ ಬರೆಯೋಣವೆಂದರೆ ವಿಳಾಸವಿಲ್ಲ. ಅದು ಅಪ್ಪನಿಗೆ ಗೊತ್ತಿತ್ತೇನೋ, ಅಪ್ಪ ಈಗ ಇಲ್ಲ. ನಿನ್ನೆ ಸಂಜೆ ಆನಂದಬಾಗ್ ಕಡೆ ನಡೆದುಕೊಂಡು ಹೋದೆ. ಆ ಮನೆಯ ಜಾಗದಲ್ಲಿ ಐದಂತಸ್ತಿನ ಅಪಾರ್ಟ್‌ಮೆಂಟು. ವಾಚ್‌ಮನ್ ಯಾರು ಬೇಕು ಅಂದ. ಹೆಸರು ಹೇಳಿದೆ. ಗೊತ್ತಿಲ್ಲ ಅಂದ.

ಪರಊರಲ್ಲಿ ಇನ್ನೊಬ್ಬರ ಮನೆಯ ಅನ್ನ ಉಂಡು ಓದಿದವರು ನಿಮ್ಮಲ್ಲೂ ಇರಬಹುದು. ಆ ಮನೆಯ ವಿಳಾಸ ಇನ್ನೂ ನಿಮ್ಮ ಹತ್ತಿರ ಇದ್ದರೆ, ಈ ಭಾನುವಾರವೇ ಒಮ್ಮೆ ಹೋಗಿಬನ್ನಿ.