ಡಬ್ಬಿಗೊಂದು ಬೆಳಕಿಂಡಿ

ಮೇ ತಿಂಗಳ ಮಧ್ಯಾಹ್ನ ಮೂರು ಗಂಟೆಗೆ ನಮ್ಮೂರು ದಾಳಿಂಬದಲ್ಲಿ ನಾಯಿ ಕೂಡ ಬೇವಿನ ನೆರಳು ಬಿಟ್ಟು ಏಳುವುದಿಲ್ಲ. ಆ ಹೊತ್ತಿಗೆ ನಾನು ವಹಿ ತೆಗೆದು ಎರಡು ಅಂಕಿ ಬರೆದುಕೊಳ್ಳುತ್ತೇನೆ. ಒಂದು ಗೋಡೆಯ ತಾಪಮಾಪಕದ್ದು. ಇನ್ನೊಂದು ಕಂಪ್ಯೂಟರಿನ ಪ್ರೊಸೆಸರಿನದು. ‘ಕೋರ್ ಟೆಂಪ್’ ಎಂಬ ಪುಟ್ಟ ತಂತ್ರಾಂಶ ಅದನ್ನು ಪರದೆಯ ಮೂಲೆಯಲ್ಲಿ ಸದಾ ತೋರಿಸುತ್ತಿರುತ್ತದೆ. ಮದುವೆ ವಿಡಿಯೊ ಎಡಿಟ್ ಮಾಡುವುದು ನನ್ನ ಕಸುಬು. ಈ ಎರಡು ಅಂಕಿಗಳ ನಡುವಿನ ಅಂತರ ಇಳಿಸುವುದು ನನ್ನ ಹುಚ್ಚು, ನನ್ನ ಸುಖ.

ಎಲ್ಲ ಇರುವುದು ಆ ಅಂತರದಲ್ಲೇ. ಡಿಸೆಂಬರಿನಲ್ಲಿ ಕೋಣೆ 22 ಡಿಗ್ರಿ, ಪ್ರೊಸೆಸರ್ 66. ಮೇ ತಿಂಗಳಲ್ಲಿ ಅದೇ ಕೆಲಸಕ್ಕೆ ಕೋಣೆ 38, ಪ್ರೊಸೆಸರ್ 82. ಯಂತ್ರ ಕೆಟ್ಟಿತೆಂದು ಗಾಬರಿಯಾಗಬೇಕಿಲ್ಲ, ಎರಡೂ ಸಲ ಅಂತರ 44. ಫ್ಯಾನಿನ ಗಾಳಿಯಿಂದ ತಣಿಯುವ ಯಂತ್ರ ತಾನಿರುವ ಕೋಣೆಗಿಂತ ತಂಪಾಗಲಾರದು. ನಮ್ಮ ಕೈಯಲ್ಲಿರುವುದು ಆ ಮೇಲಿನ 44 ಮಾತ್ರ.

ಮೊದಲು ಇದು ನನಗೆ ಗೊತ್ತಿರಲಿಲ್ಲ. ತೊಗರಿ ರಾಶಿಯ ಧೂಳು, ಎರೆಮಣ್ಣಿನ ಪುಡಿ ಒಳಗೆ ಹೋಗಬಾರದೆಂದು ಕ್ಯಾಬಿನೆಟ್ಟಿನ ಮೇಲೆ ದಪ್ಪ ಬಟ್ಟೆ ಹೊದಿಸಿದ್ದೆ. ಒಂದು ಬೇಸಿಗೆಯಲ್ಲಿ ವಿಡಿಯೊ ಮುಗಿಯದೆ ತೆವಳತೊಡಗಿತು. ಅಂಕಿ ನೋಡಿದರೆ 100. ನನ್ನದು ಇಂಟೆಲ್ ಐ5-10400. ಅದರ ಮಿತಿಯೇ 100 ಡಿಗ್ರಿ. ಅಲ್ಲಿಗೆ ಮುಟ್ಟಿದರೆ ಚಿಪ್ಪು ಸುಟ್ಟುಹೋಗದಂತೆ ತಾನೇ ವೇಗ ತಗ್ಗಿಸಿಕೊಳ್ಳುತ್ತದೆ. ಚಹಾ ಕೊಡಲು ಬಂದ ಅವ್ವ ಬಟ್ಟೆ ಎತ್ತಿ ಮೇಲಿನ ತೂತುಗಳನ್ನು ನೋಡಿದಳು. “ಬೆಳಕಿಂಡಿ ಮುಚ್ಚಿಟ್ರ ಒಲಿ ಝಳ ಎಲ್ಲಿಂದ ಹೋಗ್ಬೇಕಪಾ?” ಎಂದಳು.

ಅವ್ವ ಹುಟ್ಟಿ ಬೆಳೆದದ್ದು ಮಣ್ಣಿನ ಮಾಳಿಗೆ ಮನೆಯಲ್ಲಿ. ಮೊಳಕ್ಕಿಂತ ದಪ್ಪ ಗೋಡೆ, ಮೇಲೆ ಮಣ್ಣು, ನಡುವೆ ಹೊಗೆಗೂ ಬೆಳಕಿಗೂ ಒಂದೇ ಕಿಂಡಿ. 1993ರ ಸೆಪ್ಟೆಂಬರ್ 30ರ ನಸುಕಿನ ಕಿಲ್ಲಾರಿ ಭೂಕಂಪದಲ್ಲಿ ಅಂಥ ಕಲ್ಲು-ಮಣ್ಣಿನ ಮನೆಗಳೇ ಮಲಗಿದವರ ಮೇಲೆ ಕುಸಿದವು. ಆಮೇಲೆ ಈ ಭಾಗದಲ್ಲಿ ತಗಡು, ಸ್ಲ್ಯಾಬು ಬಂದವು. ಜೀವಕ್ಕೆ ಅದೇ ಸರಿ. ಮಾಳಿಗೆಯ ತಂಪು ಮಾತ್ರ ಮತ್ತೆ ಬರಲಿಲ್ಲ. ನನ್ನ ಕೋಣೆಯ 38 ಡಿಗ್ರಿ ಸ್ಲ್ಯಾಬಿನದೇ.

ಆ ದಿನವೇ ಬಟ್ಟೆ ತೆಗೆದೆ, ವೈರ್ ಕಿತ್ತು ಡಬ್ಬಿ ಬಿಚ್ಚಿದೆ. ಪ್ರೊಸೆಸರಿನ ಶಾಖ ಹೀರುವ ಹೀಟ್‌ಸಿಂಕಿನ ಅಲ್ಯುಮಿನಿಯಂ ಎಲೆಗಳ ನಡುವೆ ಧೂಳು ಕಂಬಳಿಯ ಹಾಗೆ ಹೆಣೆದುಕೊಂಡಿತ್ತು. ಬ್ಲೋವರ್ ಹಿಡಿಯುವಾಗ ಫ್ಯಾನನ್ನು ಬೆರಳಿನಿಂದ ತಡೆದಿರಬೇಕು. ಬಿಟ್ಟರೆ ಅದು ಅಳತೆ ಮೀರಿ ತಿರುಗಿ ಬೇರಿಂಗ್ ಸವೆಯುತ್ತದೆ. ಪ್ರೊಸೆಸರಿಗೂ ಹೀಟ್‌ಸಿಂಕಿಗೂ ನಡುವಿನ ಹಳೆಯ ಥರ್ಮಲ್ ಪೇಸ್ಟ್ ಒಣಗಿದ ಸುಣ್ಣವಾಗಿತ್ತು; ಸ್ಪಿರಿಟ್ ಹಚ್ಚಿ ಒರೆಸಿದೆ. ಎರಡು ಲೋಹಗಳು ಎಷ್ಟೇ ನುಣುಪಾಗಿ ಕಂಡರೂ ನಡುವೆ ಕಣ್ಣಿಗೆ ಕಾಣದ ತಗ್ಗುಗಳಿರುತ್ತವೆ. ಅಲ್ಲಿ ಗಾಳಿ ಕೂತರೆ ಶಾಖ ಸರಿಯಾಗಿ ದಾಟುವುದಿಲ್ಲ. ಪೇಸ್ಟಿನ ಕೆಲಸ ಆ ಗಾಳಿಯನ್ನು ಹೊರಹಾಕುವುದಷ್ಟೆ. ಒಂದು ತೊಗರಿಕಾಳಿನಷ್ಟು ಸಾಕು. ಹೆಚ್ಚಾದರೆ ಬದಿಗೆ ಒಸರುತ್ತದೆ.

ನನಗೆ ಎಲ್ಲಕ್ಕಿಂತ ಪ್ರೀತಿ ಮುಂದಿನ ಗಳಿಗೆ. ಹೀಟ್‌ಸಿಂಕೂ ಫ್ಯಾನೂ ಸೇರಿದ ಕೂಲರಿನ ನಾಲ್ಕು ಮೂಲೆಗೆ ನಾಲ್ಕು ಪಿನ್ನು. ಸಾಲಾಗಿ ಒತ್ತಿದರೆ ಒಂದು ಬದಿ ಎದ್ದು ನಿಲ್ಲುತ್ತದೆ. ಎದುರು-ಬದುರು ಮೂಲೆಗಳನ್ನು ಜೋಡಿಯಾಗಿ ಒತ್ತಬೇಕು. ಟಕ್, ಟಕ್. ನಾಲ್ಕನೆಯ ಟಕ್ ಕೇಳುವವರೆಗೆ ಉಸಿರು ಹಿಡಿದಿರುತ್ತೇನೆ.

ಅಂತರ 62ರಿಂದ 44ಕ್ಕೆ ಇಳಿಯಿತು. ಅಷ್ಟಕ್ಕೇ ಬಿಡಲು ಮನಸ್ಸಾಗಲಿಲ್ಲ. ಮುಂಭಾಗಕ್ಕೆ 120 ಮಿಲಿಮೀಟರಿನ ಒಂದು ಫ್ಯಾನ್ ಕೂರಿಸಿ, ಅದರ ಮುಂದೆ ಊದಿನಕಡ್ಡಿ ಹಿಡಿದೆ. ಹೊಗೆ ಒಳಕ್ಕೆ ಹರಿದುಹೋಗಿ, ಹಿಂದಿನ ಫ್ಯಾನಿನಿಂದಲೂ ಮೇಲಿನ ಕಿಂಡಿಯಿಂದಲೂ ಹೊರಬಿತ್ತು. ಗಾಳಿಯ ದಾರಿಯನ್ನು ಕಣ್ಣಾರೆ ಕಂಡದ್ದು ಅಂದೇ. ಅಂತರ 37.

ನೀರಿನ ಕೊಳವೆಯ ಕೂಲರ್ ಹಾಕಿಸೆನ್ನುವ ಗೆಳೆಯರಿದ್ದಾರೆ. 65 ವ್ಯಾಟಿನ ಚಿಪ್ಪಿಗೆ ಅದು ಬೇಡ. ಅದರ ಬದಲು ಕಿಟಕಿಗೆ ಹುಲ್ಲಿನ ಕೂಲರ್ ಇಟ್ಟು, ಎದುರಿನ ಬಾಗಿಲು ತೆರೆದಿಟ್ಟೆ. ನಮ್ಮ ಒಣ ಬಿಸಿಲಿಗೆ ಅದು ದೇವರು. ಕೋಣೆ ಎಂಟು ಡಿಗ್ರಿ ಇಳಿದರೆ ಪ್ರೊಸೆಸರೂ ಅಷ್ಟೇ ಇಳಿಯುತ್ತದೆ. ತೇವದ ಭಯ ಬೇಡ, ಗಾಳಿಗಿಂತ ಬಿಸಿಯಿರುವ ವಸ್ತುವಿನ ಮೇಲೆ ಹನಿ ಕಟ್ಟುವುದಿಲ್ಲ. ಆದರೆ ತುಂತುರು ತಾಗುವಷ್ಟು ಹತ್ತಿರ ಇಡಬಾರದು. ಬೋರಿನ ನೀರಿನ ಸುಣ್ಣ ಬೋರ್ಡಿನ ಮೇಲೆ ಬಿಳಿಗಟ್ಟುತ್ತದೆ.

ಬೇಸಿಗೆಯಲ್ಲಿ ಕಂಪ್ಯೂಟರ್ ನಿಧಾನವಾಯಿತೆಂದು ಹೊಸದಕ್ಕೆ ಹಣ ಎಣಿಸುವವರೇ, ಒಂದು ವಾರ ಈ ಎರಡು ಅಂಕಿ ಬರೆದಿಡಿ. ಮೇಲಿನ ಬಟ್ಟೆ ತೆಗೆಯಿರಿ, ಡಬ್ಬಿಯನ್ನು ಗೋಡೆಯಿಂದ ಒಂದು ಗೇಣು ಈಚೆಗೆ ಸರಿಸಿ.