ಹಳೆ ದೋಣಿಯ ಮೈದಡವಿ

ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಆ 61 ದಿನಗಳಲ್ಲಿ ಗಂಗೊಳ್ಳಿಯ ಕಡೆ ಹೋಗಿ ನೋಡಬೇಕು. ವರ್ಷವಿಡೀ ನೀರಿನಡಿ ಮುಚ್ಚಿಟ್ಟುಕೊಂಡ ಹೊಟ್ಟೆಯನ್ನು ಬಯಲಿಗೆ ಬಿಟ್ಟು ದೋಣಿಗಳು ದಡದಲ್ಲಿ ಮಲಗಿರುತ್ತವೆ. ಹಳೆ ದೋಣಿ ಕೊಳ್ಳುವವರಿಗೆ ಇದಕ್ಕಿಂತ ಒಳ್ಳೆಯ ಕಾಲವಿಲ್ಲ. ಮಾರುವವರಿಗೂ ಆಗ ಮಾತಾಡಲು ಪುರುಸೊತ್ತು.

ಪಂಚಗಂಗಾವಳಿ ನದಿಯ ಒಂದು ಕುದ್ರುವಿನಲ್ಲಿ, ಅಂದರೆ ನಡುಗಡ್ಡೆಯಲ್ಲಿ, ಮನೆಯಿರುವ ಸ್ನೇಹಿತನಿಗೆ ದೋಣಿ ಬೇಕಾದಾಗ ಜೊತೆಗೆ ಹೋಗುವ ಭಾಗ್ಯ ನನ್ನದಾಯಿತು. ನಮ್ಮೊಂದಿಗಿದ್ದ ಹಿರಿಯರು ದೋಣಿ ಕಟ್ಟಿಯೇ ಬದುಕು ಸವೆಸಿದವರು. ಹೊಸ ನೀಲಿ ಬಣ್ಣ ಬಳಿದ ಮರದ ದೋಣಿಯೊಂದನ್ನು ನಾವು ಮೆಚ್ಚಿ ನಿಂತಿದ್ದೆವು. ಅವರು, "ಬಣ್ಣ ಕಾಂಬುದ್ ಬ್ಯಾಡ ಮಾರಾಯ್ರೆ, ಮೊಳಿ ಕಾಣಿ" ಎಂದು ಬಗ್ಗಿಯೇಬಿಟ್ಟರು. ಹಲಗೆಯೊಳಗಿನ ಕಬ್ಬಿಣದ ಮೊಳೆ ತುಕ್ಕು ಹಿಡಿದರೆ ಎಷ್ಟು ಬಣ್ಣ ಬಳಿದರೂ ಕಂದು ನೀರು ಒಸರುತ್ತದೆ. ತುಕ್ಕು ಮೊಳೆಯನ್ನಷ್ಟೇ ತಿನ್ನುವುದಿಲ್ಲ, ಸುತ್ತಲಿನ ಮರವನ್ನೂ ಮೆದುವಾಗಿಸುತ್ತದೆ.

ಅವರು ಉಪ್ಪುನೀರನ್ನು ಬೈಯಲಿಲ್ಲ. ಅವರ ಸಂಶಯವೆಲ್ಲ ಮಳೆನೀರಿನ ಮೇಲೆ. ಮರವನ್ನು ಕೊಳೆಸುವ ಶಿಲೀಂಧ್ರಕ್ಕೆ ಉಪ್ಪು ಆಗದು, ಸಿಹಿನೀರು ನಿಂತರೆ ಹಬ್ಬ. ಹಾಗಾಗಿ ಅವರ ಚೂರಿಯ ಮೊನೆ ಅಂಚಿನ ಮರದ ಅಡಿಗೆ, ಕೂರುವ ಹಲಗೆಯ ಸಂದಿಗೆ, ನೀರು ಹರಿದುಹೋಗಲು ದಾರಿಯಿಲ್ಲದ ಮೂಲೆಗಳಿಗೆ ಹೋಯಿತು. ಗಟ್ಟಿ ಹೆಬ್ಬಲಸಿನ ಮರ ಮೊನೆಯನ್ನು ತಡೆಯುತ್ತದೆ. ಕೊಳೆತ ಮರ ಸದ್ದಿಲ್ಲದೆ ಒಳಗೆ ಬಿಟ್ಟುಕೊಳ್ಳುತ್ತದೆ. ಆ ವ್ಯತ್ಯಾಸ ಕಣ್ಣಿಗೆ ಕಾಣುವುದಲ್ಲ, ಮಣಿಕಟ್ಟಿಗೆ ತಿಳಿಯುವುದು. ಚೂರಿಯನ್ನು ನನ್ನ ಕೈಗೂ ಕೊಟ್ಟರು. ಆ ಸುಖ ಇನ್ನೂ ಬೆರಳಿನಲ್ಲಿದೆ.

ಉಪ್ಪುನೀರಿನ ಶತ್ರು ಬೇರೆ. ಮರ ಕೊರೆಯುವ ಹುಳು ಎನ್ನುತ್ತೇವಾದರೂ ಅದು ಚಿಪ್ಪಿಮೀನಿನ ಬಳಗದ ಜೀವಿ. ಮರಿಯಾಗಿದ್ದಾಗ ಸೂಜಿ ತೂರಿದಷ್ಟು ರಂಧ್ರ ಮಾಡಿ ಒಳಹೊಕ್ಕು ಅಲ್ಲೇ ಬೆಳೆಯುತ್ತದೆ. ಹೊರಗೆ ಚುಕ್ಕಿ, ಒಳಗೆ ಸುರಂಗ. 1503ರಲ್ಲಿ ಕೊಲಂಬಸನ ಹಡಗುಗಳನ್ನು ಹೀಗೇ ಜರಡಿ ಮಾಡಿ ಅವನನ್ನು ಜಮೈಕಾದಲ್ಲಿ ಒಂದು ವರ್ಷ ಕೂರಿಸಿದ್ದು ಈ ಜೀವಿಯೇ. ಇದಕ್ಕೆ ಸಿಹಿನೀರು ಆಗದು. ಹಾಗಾಗಿ ಕಡಲಿನಲ್ಲೇ ಕಟ್ಟಿಹಾಕಿದ್ದ ದೋಣಿಯ ತಳವನ್ನು, ಅದರಲ್ಲೂ ಬಣ್ಣ ಕಿತ್ತ ಜಾಗಗಳನ್ನು, ಅಂಗುಲ ಅಂಗುಲ ನೋಡಬೇಕು.

ಹಲಗೆಗಳ ನಡುವೆ ಬಿರುಕು ಕಂಡು ಸ್ನೇಹಿತ ಹಿಂಜರಿದ. ಅದಕ್ಕೆ ಹೆದರಬೇಕಿಲ್ಲವಂತೆ. ದಡದಲ್ಲಿ ಒಣಗಿದ ಮರ ಕುಗ್ಗುತ್ತದೆ, ನೀರಿಗಿಳಿದರೆ ಉಬ್ಬಿ ತಾನೇ ಸಂದಿ ಮುಚ್ಚಿಕೊಳ್ಳುತ್ತದೆ. ಗೇರುಸಿಪ್ಪೆಯ ಎಣ್ಣೆ ಕುಡಿದು ಕಪ್ಪಾದ ಹಲಗೆಗಳನ್ನು ಅವರು ಅಂಗೈಯಿಂದ ಸವರುತ್ತಿದ್ದ ರೀತಿಯಲ್ಲಿ ಮಮತೆಯಿತ್ತು.

ಪಕ್ಕದಲ್ಲಿದ್ದ ಫೈಬರ್ ದೋಣಿಗೆ ಚೂರಿ ನಡೆಯದು, ಕಿವಿ ಬೇಕು. ಸ್ಕ್ರೂಡ್ರೈವರಿನ ಹಿಡಿಯಿಂದ, ಹಲಸಿನ ಹಣ್ಣನ್ನು ಬಡಿದು ನೋಡುವಂತೆ, ಉದ್ದಕ್ಕೂ ಬಡಿಯುತ್ತಾ ಹೋದರು. ಬಿಗಿಯಾದ ಟಕ್‌ಟಕ್ ನಡುವೆ ಒಮ್ಮೆ ಮಂದವಾಗಿ ಡಬ್ ಎಂದಿತು. ಒಳಗಿನ ಪದರಗಳು ಬಿಟ್ಟುಕೊಂಡಿವೆ. ಎಂಜಿನ್ ತೂಗುಹಾಕುವ ಹಿಂಬದಿಯ ಗೋಡೆಯೊಳಗೆ ಪ್ಲೈವುಡ್ ಇರುತ್ತದೆ. ಬೋಲ್ಟಿನ ತೂತಿನಿಂದ ನೀರಿಳಿದರೆ ಅದು ಒಳಗೊಳಗೇ ಕರಗುತ್ತದೆ. ಎಂಜಿನ್ನಿನ ಕಾಲು ಹಿಡಿದು ಮೇಲೆ ಕೆಳಗೆ ಅಲುಗಿಸಿದರು; ಗೋಡೆಯೂ ಜೊತೆಗೆ ಬಾಗಿತು. ಮೊದಲೇ ಅನುಮಾನವಿದ್ದ ಆ ದೋಣಿಯನ್ನು ಅಲ್ಲಿಗೇ ಬಿಟ್ಟೆವು.

ಮರದ ದೋಣಿಯ ಜೊತೆ ಕೊಡುವ ಎಂಜಿನ್ನಿನ ಗೇರ್ ಆಯಿಲ್ ಇಳಿಸಿ ನೋಡಿದರು. ಹಾಲಿನ ಬಣ್ಣಕ್ಕೆ ತಿರುಗಿದ್ದರೆ ಸೀಲ್ ಹೋಗಿ ನೀರು ಸೇರಿದೆ ಎಂದರ್ಥ. ಇದು ಚೊಕ್ಕವಾಗಿತ್ತು. ದಾಖಲೆಗಳ ಕೆಲಸ ಬೇಗ ಮುಗಿಯಿತು. ನೋಂದಣಿ ಪತ್ರದಲ್ಲಿರುವ ಸಂಖ್ಯೆಯೇ ದೋಣಿಯ ಮೇಲೂ ಇರಬೇಕು, ಮಾರುವವರ ಹೆಸರೂ ಅದರಲ್ಲಿರಬೇಕು.

ದರ ಕುದುರಿಸುವ ಮುನ್ನ ಹಿರಿಯರು ಒಂದೇ ಷರತ್ತು ಹಾಕಿದರು: ದೋಣಿ ನೀರಿಗಿಳಿದು ಹಲಗೆ ಉಬ್ಬುವಷ್ಟು ದಿನ ಕಟ್ಟಿದಲ್ಲೇ ಇರಬೇಕು. ಆಮೇಲೆ ಒಂದು ಸಂಜೆ ಒಳಗಿನ ನೀರೆಲ್ಲ ಮೊಗೆದು, ಬೆಳಿಗ್ಗೆ ಎಷ್ಟು ನಿಂತಿದೆ ಎಂದು ನೋಡುವುದು. ಮಾರುವವರು ಒಪ್ಪಿದರು. ನೀವು ಕೊಳ್ಳುವುದಾದರೂ ಈ ಷರತ್ತನ್ನು ಬಿಡಬೇಡಿ. ಒಪ್ಪದವರಿಗೆ ಮುಂಗಡ ಕೊಡಬೇಡಿ.