ಮೂರು ಸಲ ‘ಸತ್ಯಾಗ್ರಹ’

ಹೋದ ಚಳಿಗಾಲದ ಕತೆ ಇದು. ನಮ್ಮ ಹಾಸ್ಟೆಲಿನ ಒಂದೇ ಅಡುಗೆಮನೆಗೆ ನಾಲ್ಕು ಜನ ಕನ್ನಡದವರು: ಮೈಸೂರಿನವಳು ಒಬ್ಬಳು, ಧಾರವಾಡದವ ಒಬ್ಬ, ಶಿರಸಿಯವ ಒಬ್ಬ, ಕೋಲಾರದವಳು ಒಬ್ಬಳು. ಜರ್ಮನಿಯ ಡಿಸೆಂಬರ್ ಹೇಗಿರುತ್ತೆ ಅಂತ ನಿಮಗೆ ಹೇಳಬೇಕಾಗಿಲ್ಲ. ಸಂಜೆ ನಾಲ್ಕೂವರೆಗೇ ಕತ್ತಲು, ಭಾನುವಾರ ಅಂಗಡಿಗಳೆಲ್ಲ ಬಂದ್. ಅಂಥದ್ದೊಂದು ಭಾನುವಾರ ಧಾರವಾಡದವ ಲೈಬ್ರರಿಯಿಂದ ತಂದಿದ್ದ ಡಿವಿಡಿ ತೋರಿಸಿ, “ಇದು ಸಂಸ್ಕೃತದಾಗ ಐತಿ, ನೋಡೂಣು ಬರ್ರಿ” ಅಂದ. ಅದು ಫಿಲಿಪ್ ಗ್ಲಾಸ್ ಅವರ ‘ಸತ್ಯಾಗ್ರಹ’ ಒಪೆರಾ.

ಗಾಂಧೀಜಿ ದಕ್ಷಿಣ ಆಫ್ರಿಕಾದಲ್ಲಿ ಕಳೆದ ವರ್ಷಗಳೇ ಇದರ ಕತೆ. ಆದ್ರೆ ಮಾತುಗಳೆಲ್ಲ ಭಗವದ್ಗೀತೆಯವು. ಗೀತೆಯಿಂದ ಅವನ್ನು ಆರಿಸಿ ಜೋಡಿಸಿದವರು ಕಾನ್‌ಸ್ಟನ್ಸ್ ಡಿಜಾಂಗ್. ರಂಗದ ಮೇಲೆ ನಡೆಯೋದು ಒಂದು, ಬಾಯಲ್ಲಿ ಬರೋದು ಇನ್ನೊಂದು. ಮೊದಲ ಪ್ರಯೋಗ 1980ರಲ್ಲಿ ರಾಟರ್‌ಡ್ಯಾಮಿನಲ್ಲಿ ಆಯ್ತು. ವಾದ್ಯವೃಂದದಲ್ಲಿ ತುತ್ತೂರಿ ಇಲ್ಲ, ಡ್ರಮ್ ಇಲ್ಲ. ತಂತಿವಾದ್ಯ, ಕೊಳಲು–ಕ್ಲಾರಿನೆಟ್ ಜಾತಿಯ ವಾದ್ಯಗಳು, ಒಂದು ಆರ್ಗನ್, ಅಷ್ಟೇ. ಒಂದು ಸಣ್ಣ ಸ್ವರಗುಚ್ಛ ಮತ್ತೆ ಮತ್ತೆ ಬರುತ್ತೆ, ಬಂದ ಹಾಗೇ ತುಸು ತುಸು ಬದಲಾಗುತ್ತೆ. ಇಂಥ ಸಂಗೀತಕ್ಕೆ ಮಿನಿಮಲಿಸಂ ಅನ್ನೋ ಹೆಸರಿದೆ. ಗ್ಲಾಸ್ 1960ರ ದಶಕದಲ್ಲಿ ಪ್ಯಾರಿಸಿನಲ್ಲಿ ಪಂಡಿತ್ ರವಿಶಂಕರ್ ಜೊತೆ ಒಂದು ಸಿನಿಮಾ ಸಂಗೀತಕ್ಕೆ ಕೆಲಸ ಮಾಡಿದವರು. ನಮ್ಮ ತಾಳದ ಲೆಕ್ಕಾಚಾರ ಅವರ ಕಿವಿಗೆ ಬಿದ್ದದ್ದು ಅಲ್ಲಿ.

ಒಂದು ಧ್ವನಿಮುದ್ರಣ ಕೇಳಿ ಸುಮ್ಮನಾಗೋ ಜನ ನಾವಲ್ಲ. ಮೂರನ್ನು ಹುಡುಕಿದ್ವಿ. ಒಂದು, 1985ರಲ್ಲಿ ಬಿಡುಗಡೆಯಾದ ನ್ಯೂಯಾರ್ಕ್ ಸಿಟಿ ಒಪೆರಾದ ಆಲ್ಬಂ. ಕ್ರಿಸ್ಟೋಫರ್ ಕೀನ್ ನಿರ್ದೇಶನ, ಗಾಂಧಿಯಾಗಿ ಡಗ್ಲಸ್ ಪೆರಿ. ರಾಟರ್‌ಡ್ಯಾಮಿನಲ್ಲೂ ಗಾಂಧಿ ಆಗಿದ್ದವರು ಇವರೇ. ಎರಡು, ನಮ್ಮೂರಿಂದ ರೈಲಿನಲ್ಲಿ ಎರಡು ಗಂಟೆ ದೂರದ ಸ್ಟುಟ್‌ಗಾರ್ಟ್ ಒಪೆರಾದ್ದು, 1983ರ ಚಿತ್ರೀಕರಣ. ರಂಗ ನಿರ್ದೇಶನ ಆಖಿಮ್ ಫ್ರೈಯರ್, ಸಂಗೀತ ನಿರ್ವಹಣೆ ಡೆನ್ನಿಸ್ ರಸೆಲ್ ಡೇವಿಸ್. ಮೂರು, ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಒಪೆರಾ 2011ರಲ್ಲಿ ಸಿನಿಮಾ ಮಂದಿರಗಳಿಗೆ ನೇರಪ್ರಸಾರ ಮಾಡಿದ ಪ್ರಯೋಗ. ದಾಂತೆ ಅಂಜೊಲಿನಿ ನಿರ್ವಹಣೆ, ಗಾಂಧಿ ಪಾತ್ರಕ್ಕೆ ರಿಚರ್ಡ್ ಕ್ರಾಫ್ಟ್.

ಮೊದಲ ವಾರ ನಾವು ಮಾಡಿದ್ದು ಏನು ಗೊತ್ತಾ? ಸೂಪರ್‌ಮಾರ್ಕೆಟ್ ಬಿಲ್ಲಿನ ಹಿಂದೆ ಮೂರು ಗೆರೆ ಎಳೆದು ಉಚ್ಚಾರಣೆಗೆ ಅಂಕ ಹಾಕಿದ್ದು! ಮಹಾಪ್ರಾಣ ತಿಂದ್ರೆ ಒಂದಂಕ ಕಟ್, ‘ಟ’ ‘ತ’ ಒಂದಾದ್ರೆ ಎರಡು ಕಟ್. ಹ್ರಸ್ವವನ್ನು ರಬ್ಬರ್ ಥರ ಎಳೆದಾಗಲೆಲ್ಲ ಬಿದ್ದು ಬಿದ್ದು ನಗು. ಮೂರು ತಂಡವೂ ಪಾಸಾಗಲಿಲ್ಲ. ಶಿರಸಿಯವನಂತೂ ಫೋನಿನಲ್ಲಿ ಒಂದು ತುಣುಕನ್ನು ಅವನ ಅಜ್ಜಿಗೆ ಕೇಳಿಸಿದ. ಅಜ್ಜಿಗೆ ಗೀತೆ ಬಾಯಿಪಾಠ. ಅವರೂ ನಗ್ತಾರೆ ಅಂತ ನಾವೆಲ್ಲ ಫೋನಿನ ಸುತ್ತ ಕೂತಿದ್ವಿ. ಅಜ್ಜಿ ಪೂರ್ತಿ ಕೇಳಿಸಿಕೊಂಡು, “ಉಚ್ಚಾರ ಇರಲಿ ಬಿಡು ತಮಾ, ಅವನಿಗೆ ಗಡಿಬಿಡಿಯೇ ಇಲ್ಲ. ನಾವು ಹದಿನೈದನೇ ಅಧ್ಯಾಯವನ್ನ ಅನ್ನ ಬೇಯೋದ್ರೊಳಗೆ ಮುಗಿಸ್ತೇವೆ” ಅಂದ್ರು. ನಮಗೆ ಸ್ವಲ್ಪ ನಿರಾಸೆಯೇ ಆಯ್ತು.

ಎರಡನೇ ವಾರ ಎರಡನೇ ಅಂಕ. ಡರ್ಬನ್ನಿನ ಬೀದಿ. ಊರಿಂದ ವಾಪಸ್ ಬಂದ ಗಾಂಧಿಯನ್ನು ಬಿಳಿಯರ ಗುಂಪು ಸುತ್ತುವರಿಯುತ್ತೆ, ಪೊಲೀಸ್ ಅಧಿಕಾರಿಯ ಹೆಂಡತಿ ಶ್ರೀಮತಿ ಅಲೆಕ್ಸಾಂಡರ್ ತನ್ನ ಕೊಡೆ ಅಡ್ಡ ಹಿಡಿದು ಕಾಪಾಡ್ತಾಳೆ. ಇದು 1897ರ ಜನವರಿಯಲ್ಲಿ ನಿಜವಾಗಿ ನಡೆದದ್ದು. ಇಲ್ಲಿ ಗುಂಪು ‘ಹ ಹ ಹ’ ಅಂತ ನಗ್ತಲೇ ಹಾಡುತ್ತೆ. ಅದೂ ಒಂದೆರಡು ಸಲ ಅಲ್ಲ, ಮುಗಿಯೋದೇ ಇಲ್ಲ ಅನ್ನಿಸುವಷ್ಟು. 1985ರ ಆಲ್ಬಮ್ಮಿನಲ್ಲಿ ಆ ನಗು ಹೊಲಿಗೆ ಯಂತ್ರದ ಹಾಗೆ, ಒಂದು ಹೊಲಿಗೆಯೂ ತಪ್ಪಲ್ಲ. ಹೆಡ್‌ಫೋನ್ ಹಾಕ್ಕೊಂಡ್ರೆ ತಲೆಯೊಳಗೇ ಯಾರೋ ನಕ್ಕ ಹಾಗಾಗುತ್ತೆ. ಸ್ಟುಟ್‌ಗಾರ್ಟಿನದ್ದರಲ್ಲಿ ಸದ್ದು ಹಳೇದು, ಅಷ್ಟು ಸ್ಪಷ್ಟ ಇಲ್ಲ, ಆದ್ರೆ ನಗುವ ಬಾಯಿಗಳು ಕಾಣುತ್ತವೆ. ಮೆಟ್‌ನಲ್ಲಿ ತಗಡು ಶೀಟಿನ ಗೋಡೆಯ ಮುಂದೆ ಆಳೆತ್ತರ ಮೀರಿದ ಗೊಂಬೆಗಳು, ದೊಡ್ಡ ಮೇಳ. ಒಬ್ಬನ ಮೇಲೆ ಒಂದು ಊರೇ ನಕ್ಕ ಹಾಗೆ.

ಮೂರನೇ ಸಲ ಆ ನಗು ಕೇಳುವಾಗ ಕೋಲಾರದವಳು ಎದ್ದು ಹೋಗಿ ಪಾತ್ರೆ ತೊಳೆಯೋಕೆ ನಿಂತಳು. ಯಾಕೆ ಅಂತ ಆಮೇಲೆ ಹೇಳಿದಳು. ಅಕ್ಟೋಬರಿನಲ್ಲಿ ಅವಳ ಮೊದಲ ಜರ್ಮನ್ ಸೆಮಿನಾರ್ ಇತ್ತಂತೆ. ಕೋಷ್ಟಕದಲ್ಲಿ 55 ಅಂತ ಓದಬೇಕಿತ್ತು. ಜರ್ಮನ್ನಿನಲ್ಲಿ ಐದಕ್ಕೆ ‘ಫ್ಯೂನ್ಫ್’. ಅದರೊಳಗಿನ ಸ್ವರ ನಮ್ಮ ‘ಉ’ನೂ ಅಲ್ಲ, ‘ಇ’ನೂ ಅಲ್ಲ, ಐವತ್ತೈದರಲ್ಲಿ ಅದು ಎರಡೆರಡು ಸಲ ಬರುತ್ತೆ. ಇವಳ ಬಾಯಲ್ಲಿ ಅದು ಏನೋ ಆಯ್ತು. ಹಿಂದಿನ ಬೆಂಚಿನಿಂದ ಒಬ್ಬ ನಕ್ಕ, ಆಮೇಲೆ ಕ್ಲಾಸೇ ನಕ್ಕಿತು. ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ, ಪಕ್ಕದ ಮನೆಯಲ್ಲಿ ಉರ್ದು, ಕಾಲೇಜಿನಲ್ಲಿ ಇಂಗ್ಲಿಷ್ ಆಡಿಕೊಂಡು ಬೆಳೆದ ಹುಡುಗಿ ಅವತ್ತಿಂದ ಬೇಕರಿಯಲ್ಲೂ ಬೆರಳು ತೋರಿಸಿಯೇ ಬ್ರೆಡ್ ಕೊಳ್ತಿದ್ದಳು. ಫ್ರಿಜ್ಜಿನ ಮೇಲೆ ನಾವು ಅಂಟಿಸಿದ್ದ ಅಂಕಪಟ್ಟಿ ಅಲ್ಲೇ ಇತ್ತು. ಯಾರೂ ಏನೂ ಹೇಳಲಿಲ್ಲ. ಮಾರನೇ ದಿನ ನೋಡಿದ್ರೆ ಅದು ಅಲ್ಲಿರಲಿಲ್ಲ.

ಆಮೇಲೆ ಕೇಳಿದ್ದು ಬೇರೆ ಥರ. ಅದೇ ಎರಡನೇ ಅಂಕದ ಕೊನೆಗೆ 1908ರ ಜೊಹಾನ್ಸ್‌ಬರ್ಗ್ ಬರುತ್ತೆ. ಬೆರಳಚ್ಚು ಕೊಟ್ಟು ಪಡೆದ ನೋಂದಣಿ ಚೀಟಿಗಳನ್ನು ಜನ ಕಡಾಯಿಗೆ ಹಾಕಿ ಸುಡ್ತಾರೆ. ನಮ್ಮ ಪರ್ಸಿನಲ್ಲೂ ಬೆರಳಚ್ಚಿನ ಕಾರ್ಡಿದೆ. ಆದ್ರೆ ನಾವದನ್ನು ಅರ್ಜಿ ಹಾಕಿ ಪಡೆದವರು, ಅವರ ಮೇಲೆ ಅದನ್ನು ಹೇರಲಾಗಿತ್ತು. ಎರಡೂ ಒಂದೇ ಅಂತ ಹೇಳೋಕೆ ನಾವು ಹೋಗಲ್ಲ.

ಒಪೆರಾ ಮುಗಿಯೋದು ಗಾಂಧಿಯ ಹಾಡಿನಿಂದ. ಎಂಟು ಸ್ವರ, ಕೆಳಗಿಂದ ಮೇಲಕ್ಕೆ. ಹತ್ತಿದ ಮೇಲೆ ಇಳಿಯೋದಿಲ್ಲ, ಮತ್ತೆ ಕೆಳಗಿಂದಲೇ ಶುರು. ಹೀಗೆ ಮೂವತ್ತು ಸಲ. ಮೈಸೂರಿನವಳು “ಇದು ತೋಡಿ” ಅಂದಳು. ಧಾರವಾಡದವ “ಭೈರವಿ ಐತಿ” ಅಂದ. ಅರ್ಧ ಗಂಟೆ ಜಗಳ. ಇಬ್ಬರೂ ಸರಿ: ಇಲ್ಲಿನ ಸ್ವರಗಳು ಕರ್ನಾಟಕಿಯಲ್ಲಿ ಹನುಮತೋಡಿಯವು, ಹಿಂದೂಸ್ತಾನಿಯಲ್ಲಿ ಭೈರವಿ ಥಾಟಿನವು. ಗಮಕ ಮಾತ್ರ ಇಲ್ಲ, ಬರೀ ಮೆಟ್ಟಿಲು.

ಈ ಮೂವತ್ತು ಸಲಗಳಲ್ಲೇ ಮುದ್ರಣಗಳ ವ್ಯತ್ಯಾಸ ನಮಗೆ ತಿಳಿದದ್ದು. ಪೆರಿ ಅವರದ್ದು ಹೊಳಪಿನ ಕಂಠ. ಪ್ರತಿ ಸಲವೂ ಮೆಟ್ಟಿಲನ್ನು ಒಂದೇ ತೂಕದಲ್ಲಿ ಹತ್ತುತ್ತಾರೆ, ವ್ರತದ ಹಾಗೆ. ಸ್ಟುಟ್‌ಗಾರ್ಟಿನದ್ದರಲ್ಲಿ ಗಾಯಕನ ದಣಿವೂ ಸೇರಿಕೊಂಡ ಹಾಗಿದೆ, ಅದು ರಂಗದ ಮೇಲಿನ ಉಸಿರು. ಕ್ರಾಫ್ಟ್ ಮೆಲ್ಲಗೆ ಹಾಡ್ತಾರೆ. ಹಿಂದೆ ಎತ್ತರದಲ್ಲಿ ಮಾರ್ಟಿನ್ ಲೂಥರ್ ಕಿಂಗ್ ನಮಗೆ ಬೆನ್ನು ಹಾಕಿ, ಸದ್ದಿಲ್ಲದೆ ಭಾಷಣ ಮಾಡ್ತಿರ್ತಾರೆ. ಇಪ್ಪತ್ತನೇ ಸಲಕ್ಕೆ ಬರುವ ಹೊತ್ತಿಗೆ ಅದು ಮೊದಲನೆಯದ್ದೇ ಅನ್ನಿಸೋದಿಲ್ಲ. ಅಜ್ಜಿ ಹೇಳಿದ್ದು ಇದನ್ನೇ. ಅಂದಹಾಗೆ, ಆ ವರ್ಷ ಡಿಸೆಂಬರ್ 1ರಂದು ಮೆಟ್‌ನಲ್ಲಿ ಕೊನೆಯ ಪ್ರಯೋಗ ಮುಗಿದಾಗ ಹೊರಗೆ ಆಕ್ಯುಪೈ ಚಳವಳಿಯವರು ನೆರೆದಿದ್ದರು. ಗ್ಲಾಸ್ ಅವರ ನಡುವೆ ನಿಂತು ಈ ಹಾಡಿನ ಸಾಲುಗಳನ್ನು ಇಂಗ್ಲಿಷಿನಲ್ಲಿ ಹೇಳಿದರು. ಮೈಕಿಲ್ಲದ ಜನ ಒಂದೊಂದೇ ತುಂಡನ್ನು ಗಟ್ಟಿಯಾಗಿ ತಿರುಗಿ ಹೇಳಿ ಹಿಂದಿನವರಿಗೆ ದಾಟಿಸಿದರು.

ಯಾವ ಮುದ್ರಣ ಚೆನ್ನ ಅಂತ ಕೇಳಿದ್ರೆ ನಮ್ಮಲ್ಲಿ ಇವತ್ತಿಗೂ ಒಮ್ಮತ ಇಲ್ಲ. ಮೊದಲ ಸಲ ಕೇಳೋರು ಮೆಟ್‌ನಿಂದ ಶುರು ಮಾಡಿ, ಕಣ್ಣಿಗೂ ಕೆಲಸ ಇರುತ್ತೆ. ಆಮೇಲೆ ಬಸ್ಸಿನಲ್ಲಿ ಪೆರಿ ಕೇಳಿ. ಸ್ಟುಟ್‌ಗಾರ್ಟಿನದ್ದು ಕೊನೆಗಿರಲಿ.

ಫೆಬ್ರವರಿಯಲ್ಲಿ ಕೋಲಾರದವಳ ಎರಡನೇ ಸೆಮಿನಾರ್. ಹಿಂದಿನ ರಾತ್ರಿ ಅಡುಗೆಮನೆಯಲ್ಲಿ ಅನ್ನಕ್ಕಿಟ್ಟು ನಾಲ್ವರೂ ಐವತ್ತೈದು ಹೇಳಿದ್ವಿ, ಕುಕ್ಕರ್ ಮೂರು ಸಲ ಕೂಗೋವರೆಗೆ. ಅವಳದ್ದು ಇನ್ನೂ ಪೂರ್ತಿ ಸರಿಯಾಗಿಲ್ಲ. ನಮ್ಮದೂ ಆಗಿಲ್ಲ. ಈಗ ಬೇಕರಿಯಲ್ಲಿ ಬಾಯಿ ಬಿಟ್ಟೇ ಬ್ರೆಡ್ ಕೇಳ್ತಾಳೆ. ಹೋದ ವಾರ ಐದು ಕೇಳಿದ್ದಳು, ಐದೇ ಕೊಟ್ಟರಂತೆ.